ಆತ್ಮರಕ್ಷಣೆಗೆಂದು ಒಂದು ಕೋವಿ

ಬೇಟೆಗೆ ಹೊರಟವನು ಬೇಟೆಯ ಆಯುಧದ ಜೊತೆಗೆ ತನ್ನ ಪ್ರಾಣರಕ್ಷಣೆಗೆಂದು ಇನ್ನೊಂದು ಸಾಧನವನ್ನೂ ಒಯ್ಯಬೇಕೋ ಬೇಡವೋ? ಅಮೆರಿಕದ ಪಶ್ಚಿಮ ಭಾಗದ ಬೆಟ್ಟಸೀಮೆಯಲ್ಲಿ ಇದು ಇಂದಿಗೂ ಬಿಸಿ ಆರದ ಚರ್ಚೆ. ಅಲ್ಲಿ ಬೇಟೆಗೆ ಕಾನೂನಿನ ಒಪ್ಪಿಗೆಯಿದೆ. ಅದಕ್ಕೊಂದು ಋತುವಿದೆ, ಪರವಾನಿಗೆಯಿದೆ. ಬಿಲ್ಲುಬಾಣ ಹಿಡಿದು ಕಡವೆಯಂಥ ಮೃಗವನ್ನು ಅರಸಿ ಹೋದವನ ಎದುರಿಗೆ ಗ್ರಿಜ್ಲಿ ಎಂಬ ಹೆಗ್ಗರಡಿ ಎದ್ದು ನಿಂತರೆ ಅವನ ಬಾಣ ಹುಲ್ಲುಕಡ್ಡಿಗೆ ಸಮ. ಆದ್ದರಿಂದ ಸೊಂಟದಲ್ಲೊಂದು ಪಿಸ್ತೂಲು ಇರಲಿ ಎನ್ನುವವರು ಕೆಲವರು. ಮೆಣಸಿನಕಾಯಿಯ ಖಾರವನ್ನು ಒತ್ತಿ ತುಂಬಿದ ಡಬ್ಬಿಯೊಂದು ಸಾಕು ಎನ್ನುವವರು ಕೆಲವರು. ಕಾಡು ಬಲ್ಲವನಿಗೆ ಎಚ್ಚರಕ್ಕಿಂತ ದೊಡ್ಡ ಆಯುಧವಿಲ್ಲ ಎನ್ನುವವರು ಮತ್ತೆ ಕೆಲವರು.

ಈ ಚರ್ಚೆಯ ಸಾರವನ್ನು ನಾನು ದಾಸನಕೊಪ್ಪದಲ್ಲಿ, ನನ್ನ ಸೋದರಮಾವನ ಮನೆಯ ಕಟ್ಟೆಯ ಮೇಲೆ ಕುಳಿತು ಹೇಳಿದಾಗ, ಅಲ್ಲಿದ್ದ ಹಿರಿಯರೊಬ್ಬರು ಅಡಕತ್ತರಿಯನ್ನು ಕೆಳಗಿಟ್ಟು ನಕ್ಕರು. ಎಂಬತ್ತು ದಾಟಿದ ಜೀವ. ಹರೆಯದಲ್ಲಿ ಊರ ಸಾಹುಕಾರರ ಬೇಟೆಗಳಿಗೆ ಕೂಲಿಯವರಾಗಿ ಹೋಗಿ ಬಂದವರು. “ಕೋವಿ ಇದ್ದವರಿಗೆ ಮತ್ತೊಂದು ರಕ್ಷಣೆ ಯಾಕ್ರಿ? ಅದು ಬೇಕಾಗಿದ್ದು ಹಳು ಹೊಡೀತಿದ್ದ ನಮಗೆ” ಎಂದರು. ಅಷ್ಟು ಹೇಳಿ ಮತ್ತೆ ಅಡಕೆ ಕತ್ತರಿಸುವುದಕ್ಕೆ ತೊಡಗಿದರು. ಅಮೆರಿಕದವರು ಎಷ್ಟು ವಾದಿಸಿದರೂ ಈ ಒಂದು ಮಾತು ಅವರ ಬಾಯಲ್ಲಿ ಬಂದಿರಲಾರದು. ಏಕೆಂದರೆ ಅಲ್ಲಿ ಬೇಟೆಗಾರನು ಬಹುಮಟ್ಟಿಗೆ ಒಬ್ಬನೇ ಹೋಗುತ್ತಾನೆ. ಅಪಾಯವೂ ಅವನದೇ, ಆಯುಧವೂ ಅವನದೇ. ನಮ್ಮಲ್ಲಿ ಈ ಎರಡೂ ಒಬ್ಬನ ಪಾಲಿಗೆ ಬಂದದ್ದು ಅಪರೂಪ.

ದಾಸನಕೊಪ್ಪವನ್ನು ನೋಡದವರಿಗೆ ಒಂದೆರಡು ಮಾತು. ಶಿರಸಿಯೆಂದೊಡನೆ ನಗರದ ವಾಚಕರ ಕಣ್ಣಿಗೆ ಅಡಕೆ ತೋಟ, ಏಲಕ್ಕಿ, ಮುಗಿಲು ಮುಟ್ಟುವ ಹಸುರು ಕಾಡು ಬರುತ್ತವೆ. ಅದು ತಾಲ್ಲೂಕಿನ ಪಶ್ಚಿಮದ ಮುಖ. ಪೂರ್ವಕ್ಕೆ, ಬನವಾಸಿ ಸೀಮೆಯ ಕಡೆಗೆ ಬಂದರೆ ನೆಲ ತಗ್ಗುತ್ತದೆ, ಮಳೆ ಕಡಿಮೆಯಾಗುತ್ತದೆ, ಕಾಡು ಬೇಸಿಗೆಯಲ್ಲಿ ಎಲೆ ಉದುರಿಸಿ ಬೋಳಾಗುತ್ತದೆ. ಭತ್ತ, ಗೋವಿನಜೋಳ, ಶುಂಠಿ, ಅನಾನಸು ಇಲ್ಲಿಯ ಬೆಳೆ. ಗದ್ದೆಗೂ ಕಾಡಿಗೂ ನಡುವೆ ಒಂದು ಅಗಳವೋ ಒಂದು ಮುಳ್ಳುಬೇಲಿಯೋ ಇದ್ದರೆ ಇದ್ದೀತು. ಗೋವಿನಜೋಳ ತೆನೆಗಟ್ಟಿದ ಮೇಲೆ ಆ ಬೇಲಿಯ ಮರ್ಯಾದೆಯನ್ನು ಕಾಡುಹಂದಿ ಕಾಯುವುದಿಲ್ಲ. ಪಕ್ಕದ ಮುಂಡಗೋಡ, ಯಲ್ಲಾಪುರಗಳ ಕಡೆ ಭತ್ತ ಹಣ್ಣಾಗುವ ಕಾಲಕ್ಕೆ ಆನೆಗಳೂ ಬರುತ್ತವೆ. ಆಗ ಹೊಲದಲ್ಲಿ ನಾಲ್ಕು ಕಂಬದ ಮೇಲೆ ಮಾಳ ಕಟ್ಟಿ, ರಾತ್ರಿಯಿಡೀ ಒಬ್ಬನು ಬೆಂಕಿ, ಡಬ್ಬ, ಪಟಾಕಿ, ಟಾರ್ಚುಗಳೊಡನೆ ಕೂರುತ್ತಾನೆ. ಒಬ್ಬನು ಎಂದೆ. ಯಾರು ಆ ಒಬ್ಬನು ಎಂಬುದೇ ಮುಂದಿನ ಪ್ರಶ್ನೆ.

ಬೇಟೆಗಾರ ಎಂಬ ಮನುಷ್ಯ ನಮ್ಮ ಕಾನೂನಿನಲ್ಲಿ ಈಗ ಇಲ್ಲ. ಉತ್ತರ ಕನ್ನಡ ಜಿಲ್ಲೆ 1956ರವರೆಗೆ ಮುಂಬಯಿ ಆಡಳಿತದಲ್ಲಿತ್ತು. ಬ್ರಿಟಿಷರ ಕಾಲದಲ್ಲಿ ಹುಲಿ, ಚಿರತೆಗಳನ್ನು ಕೊಂದವನಿಗೆ ಸರಕಾರವೇ ಇನಾಮು ಕೊಡುತ್ತಿತ್ತು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂತು; 1991ರ ತಿದ್ದುಪಡಿಯೊಡನೆ ಅಲ್ಪಸ್ವಲ್ಪ ಉಳಿದಿದ್ದ ಬೇಟೆಯ ಪರವಾನಿಗೆಗಳೂ ನಿಂತವು. ಮೊದಲು ಇನಾಮು ತರುತ್ತಿದ್ದ ಕೆಲಸ ಈಗ ಸೆರೆಮನೆಗೆ ಒಯ್ಯುತ್ತದೆ. ಆದರೆ ಕೋವಿ ಊರು ಬಿಟ್ಟು ಹೋಗಲಿಲ್ಲ. 1959ರ ಶಸ್ತ್ರಾಸ್ತ್ರ ಕಾಯಿದೆ ಬೆಳೆ ರಕ್ಷಣೆಗೆಂದು ನಳಿಗೆಯ ಬಾಯಿಂದ ಮದ್ದು ತುಂಬುವ ಕೋವಿಯನ್ನು ರೈತನಿಗೆ ಒಪ್ಪಿಸಿದೆ. ನಮ್ಮವರು ಕೇಪಿನ ಕೋವಿ ಎನ್ನುವುದು ಅದನ್ನೇ. ಚುನಾವಣೆ ಬಂತೆಂದರೆ ಊರೂರಿನ ಕೋವಿಗಳು ಪೊಲೀಸ್ ಠಾಣೆಗೆ ಹೋಗಿ ಗೋಡೆಗೊರಗಿ ನಿಲ್ಲುತ್ತವೆ. ಹಂದಿಗಳಿಗೆ ಚುನಾವಣೆಯೆಂದರೆ ಪ್ರೀತಿ ಎಂದು ದಾಸನಕೊಪ್ಪದ ಕಡೆ ತಮಾಷೆ ಮಾಡುತ್ತಾರೆ.

ಈ ಕೋವಿ ನಿಜವಾಗಿ ಪ್ರಾಣ ಕಾಯುತ್ತದೆಯೆ? ಮೊದಲು ಆ ಲೆಕ್ಕವನ್ನು ಮುಗಿಸಿಬಿಡೋಣ. ಮದ್ದು ಹಾಕಬೇಕು, ಅದರ ಮೇಲೆ ನಾರಿನ ಉಂಡೆಯನ್ನು ಗಜದಿಂದ ಜಡಿಯಬೇಕು, ಚರೆಯನ್ನೋ ಗುಂಡನ್ನೋ ಇಳಿಸಬೇಕು, ಮತ್ತೆ ಜಡಿಯಬೇಕು, ಕೊನೆಗೆ ಕೇಪು ಕೂರಿಸಬೇಕು. ಇಷ್ಟಾದ ಮೇಲೆ ಸಿಗುವುದು ಒಂದೇ ಈಡು. ಅದೂ ಮದ್ದು ತಂಪು ಹಿಡಿಯದಿದ್ದರೆ. ನಮ್ಮ ಕಾಡಿನ ಕರಡಿ ಕಣ್ಣು ಮಂದ, ಕಿವಿ ಮಂದ, ಮೂಗು ಮಾತ್ರ ಚುರುಕಾದ ಪ್ರಾಣಿ. ಗೆದ್ದಲ ಹುತ್ತದಲ್ಲಿ ಮುಖ ಹುದುಗಿಸಿಕೊಂಡು ಉಸಿರೆಳೆಯುತ್ತಿರುವಾಗ ಮನುಷ್ಯನು ಹತ್ತು ಮಾರು ಹತ್ತಿರ ಬಂದರೂ ಅದಕ್ಕೆ ತಿಳಿಯುವುದಿಲ್ಲ. ತಿಳಿದೊಡನೆ ಅದು ಓಡುವುದಕ್ಕಿಂತ ಮೇಲೆ ಬೀಳುವುದೇ ಹೆಚ್ಚು. ಕರಡಿ ಕೊಲ್ಲುವುದಕ್ಕೆಂದು ಬರುವುದಲ್ಲ, ಬೆಚ್ಚಿ ಬರುವುದು. ಹತ್ತು ಮಾರು ಎಂದರೆ ಎರಡು ಮೂರು ಉಸಿರಿನ ಹೊತ್ತು. ಅಷ್ಟರಲ್ಲಿ ಹೆಗಲ ಕೋವಿ ಕೈಗೆ ಬಂದು, ಗುರಿ ಹಿಡಿದು, ಈಡು ಸಿಡಿದು, ಅದು ತಾಗಬೇಕಾದ ಕಡೆಯೇ ತಾಗಿದರೆ ಅದನ್ನು ದೈವಕೃಪೆ ಎನ್ನಬೇಕು. ತಾಗಬಾರದ ಕಡೆ ತಾಗಿದರೆ? ಕೆನೆತ್ ಆಂಡರ್ಸನ್ ಬರೆದ ಕಥನಗಳನ್ನು, ಅವನ್ನು ಕನ್ನಡಕ್ಕೆ ತಂದ ಪೂರ್ಣಚಂದ್ರ ತೇಜಸ್ವಿಯವರ ‘ಕಾಡಿನ ಕತೆಗಳು’ ಸಂಪುಟಗಳನ್ನು ಓದಿದವರಿಗೆ ಗಾಯಗೊಂಡ ಮೃಗ ಎಂದರೆ ಏನೆಂದು ಹೇಳಬೇಕಾಗಿಲ್ಲ.

ಅಲಾಸ್ಕದಲ್ಲಿ ಇದನ್ನು ಎಣಿಸಿಯೇ ನೋಡಿದ್ದಾರೆ. ಖಾರದ ಡಬ್ಬಿಯನ್ನು ಕರಡಿಯ ಮೇಲೆ ಬಳಸಿದ 1985ರಿಂದ 2006ರವರೆಗಿನ ಘಟನೆಗಳನ್ನು ಕೂಡಿಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಕರಡಿಗೆ ಹತ್ತಿರದಿಂದ ಸಿಕ್ಕಿಯೂ ಡಬ್ಬಿಯಿದ್ದವರಲ್ಲಿ ನೂರಕ್ಕೆ 98 ಮಂದಿ ಗಾಯವಿಲ್ಲದೆ ಪಾರಾದರು. ಕೋವಿಯಿದ್ದ 269 ಘಟನೆಗಳನ್ನು ಪರಿಶೀಲಿಸಿ 2012ರಲ್ಲಿ ಹೊರಬಂದ ಇನ್ನೊಂದು ಅಧ್ಯಯನ ಇದಕ್ಕಿಂತ ಸೋಜಿಗದ್ದು. ಕೋವಿಯನ್ನು ಹಾರಿಸಿದವರಿಗೂ, ಕೋವಿಯಿದ್ದೂ ಹಾರಿಸದೆ ಹೋದವರಿಗೂ ಆದ ಗಾಯ ಸಾವುಗಳಲ್ಲಿ ಗಣಿಸುವಂಥ ಅಂತರವೇ ಕಾಣಲಿಲ್ಲವಂತೆ. ಒಳ್ಳೆಯ ರೈಫಲುಗಳ ದೇಶದ ಮಾತು ಇದು. ಕೇಪಿನ ಕೋವಿಯ ಪಾಡನ್ನು ವಾಚಕರೇ ಊಹಿಸಿಕೊಳ್ಳಬಹುದು. ಖಾರದಲ್ಲಿ ಇಷ್ಟು ಗುಣವಿದ್ದರೆ ಬ್ಯಾಡಗಿ ನಮಗೆ ನೆರೆಯಲ್ಲೇ ಇದೆಯಲ್ಲ ಎಂದು ಯಾರಾದರೂ ಕೇಳಿಯಾರು. ಬ್ಯಾಡಗಿಯ ಮೆಣಸಿನಕಾಯಿ ಹೆಸರಾದದ್ದು ಬಣ್ಣಕ್ಕೆ, ಖಾರಕ್ಕಲ್ಲ. ಕರಡಿಗೆ ಗುಂಟೂರಿನದೇ ಬೇಕಾದೀತು.

ಆದರೆ ಪ್ರಶ್ನೆ ಬರಿಯ ಉಪಯೋಗದ್ದಾಗಿದ್ದರೆ ಇಷ್ಟಕ್ಕೇ ಮುಗಿಯುತ್ತಿತ್ತು. ಕೋವಿ ಉಪಯೋಗಕ್ಕೆ ಬರಲಿ ಬಾರದಿರಲಿ, ಅದನ್ನು ಒಯ್ಯುವ ಹಕ್ಕು ಇದೆಯೆ ಎಂಬುದು ಬೇರೆ ಮಾತು. ವನ್ಯಜೀವಿ ಕಾಯಿದೆಯ 11ನೆಯ ಕಲಮು ಇಲ್ಲಿ ಒಂದು ಗಟ್ಟಿಯಾದ ಮಾತು ಹೇಳುತ್ತದೆ. ತನ್ನ ಪ್ರಾಣವನ್ನೋ ಇನ್ನೊಬ್ಬರ ಪ್ರಾಣವನ್ನೋ ಉಳಿಸಿಕೊಳ್ಳುವುದಕ್ಕೆ, ಶುದ್ಧ ಮನಸ್ಸಿನಿಂದ, ಕಾಡುಮೃಗವನ್ನು ಕೊಂದರೆ ಅಪರಾಧವಲ್ಲ. ಹಾಗೆ ಸತ್ತ ಮೃಗ ಸರಕಾರದ ಸ್ವತ್ತು. ಅದರ ಬೆನ್ನಿಗೇ ಒಂದು ನಿಬಂಧನೆ: ರಕ್ಷಣೆಯ ಅಗತ್ಯ ಒದಗಿದ ಗಳಿಗೆಯಲ್ಲಿ ಆ ಮನುಷ್ಯನು ಇದೇ ಕಾಯಿದೆಯನ್ನು ಮುರಿಯುತ್ತಿದ್ದರೆ ಅವನಿಗೆ ಈ ಮಾಫಿ ಇಲ್ಲ. ಎಂದರೆ, ಕಡವೆ ಹೊಡೆಯಲೆಂದು ಕದ್ದು ಹೋದವನ ಮೇಲೆ ಕರಡಿ ಬಿದ್ದು ಅವನು ಕರಡಿಯನ್ನು ಕೊಂದರೆ, “ಪ್ರಾಣ ಉಳಿಸಿಕೊಂಡೆ, ಸ್ವಾಮಿ” ಎಂಬ ಮಾತು ನ್ಯಾಯಾಲಯದಲ್ಲಿ ಅವನ ನೆರವಿಗೆ ಬರುವುದಿಲ್ಲ.

ಇದು ಕ್ರೂರವಲ್ಲವೆ ಎಂದು ನನ್ನ ವಕೀಲ ಮಿತ್ರರೊಬ್ಬರು ಕೇಳಿದರು. ಪ್ರಾಣದ ಆಸೆ ಕಳ್ಳನಿಗೂ ಒಂದೇ, ಸಾಧುವಿಗೂ ಒಂದೇ. ನಿಜ. ಆದರೆ ಕಾನೂನು ಅವನಿಗೆ ಸಾಯಿ ಎಂದು ಹೇಳುತ್ತಿಲ್ಲ. ಬದುಕಿ ಬಂದ ಮೇಲೆ ಲೆಕ್ಕ ಒಪ್ಪಿಸು ಎನ್ನುತ್ತಿದೆ. ಕರಡಿ ಮೈಮೇಲೆ ಬಿದ್ದ ಗಳಿಗೆಯಲ್ಲಿ ಕೈಗೆ ಸಿಕ್ಕಿದ್ದರಿಂದ ಹೊಡೆಯುವುದು ಒಂದು, ಆ ಗಳಿಗೆ ಬರಲೆಂದೇ, ಅಥವಾ ಬಂದರೆ ಬರಲಿ ಎಂದು, ಮದ್ದು ಜಡಿದು ಹೊರಡುವುದು ಮತ್ತೊಂದು. ಮೊದಲನೆಯದು ರಕ್ಷಣೆ. ಎರಡನೆಯದನ್ನು ರಕ್ಷಣೆ ಎಂದು ಕರೆದರೆ, ಪರರ ಮನೆಗೆ ಕನ್ನ ಹಾಕಲು ಹೊರಟವನು ಮನೆಯ ನಾಯಿ ಕಚ್ಚೀತೆಂದು ದೊಣ್ಣೆ ಹಿಡಿದದ್ದನ್ನೂ ರಕ್ಷಣೆ ಎಂದೇ ಕರೆಯಬೇಕಾಗುತ್ತದೆ.

ನಮ್ಮ ಧರ್ಮಶಾಸ್ತ್ರಕಾರರು ಆತತಾಯಿ ಎಂಬ ಮಾತನ್ನು ಬಳಸಿದ್ದಾರೆ. ಕೊಲ್ಲಲು ಬಂದ ಆತತಾಯಿಯನ್ನು ಹಿಂದುಮುಂದು ನೋಡದೆ ಕೊಲ್ಲಬಹುದೆಂದು ಮನುವೂ ಹೇಳುತ್ತಾನೆ. ಆತತಾಯಿ ಯಾರು ಎಂಬುದಕ್ಕೆ ಒಂದು ಪಟ್ಟಿಯೂ ಇದೆ: ಬೆಂಕಿಯಿಡುವವನು, ವಿಷವಿಕ್ಕುವವನು, ಆಯುಧ ಹಿಡಿದು ಬರುವವನು, ಧನವನ್ನು ಅಪಹರಿಸುವವನು, ಭೂಮಿಯನ್ನು ಕಸಿಯುವವನು, ಹೆಂಡತಿಯನ್ನು ಕಸಿಯುವವನು. ಈ ಪಟ್ಟಿಯನ್ನು ಒಂದು ಸಲ ಕಾಡಿನ ಕಡೆಯಿಂದ ಓದಿ ನೋಡಬೇಕು. ಬೆಂಕಿಯಿಟ್ಟವರು ನಾವು. ಸತ್ತ ಹಸುವಿನ ಮೈಗೆ ವಿಷ ಸವರಿ ಚಿರತೆಗೆ ಇಟ್ಟವರು ನಾವು. ಕೋವಿ ಹಿಡಿದು ಹೋದವರು, ಮರ ಕಡಿದು ಸಾಗಿಸಿದವರು, ಹಕ್ಕಲು ಮಾಡಿ ಗದ್ದೆ ಕಟ್ಟಿದವರು ನಾವು. ಆರರಲ್ಲಿ ಐದು ನಮ್ಮ ಲೆಕ್ಕಕ್ಕೆ ಜಮೆಯಾಗಿವೆ. ಕರಡಿಗೆ ಸ್ಮೃತಿ ಬರೆಯುವ ಅಭ್ಯಾಸವಿದ್ದಿದ್ದರೆ ಆತತಾಯಿ ಎಂಬ ಶಬ್ದಕ್ಕೆ ಅದು ಯಾರ ಚಿತ್ರ ಬರೆಯುತ್ತಿತ್ತೋ!

ಇಲ್ಲಿ ದಾಸನಕೊಪ್ಪದ ರೈತನು ನನ್ನನ್ನು ತಡೆಯುತ್ತಾನೆ. ತಡೆಯುವುದು ನ್ಯಾಯವೂ ಹೌದು. “ಹಂದಿ ಏನು ಹಾಗಾದರೆ? ನಾನು ಕಾಡಿಗೆ ಹೋಗಿಲ್ಲ, ಅದು ನನ್ನ ಹೊಲಕ್ಕೆ ಬಂದಿದೆ. ನನ್ನ ಧನ, ನನ್ನ ಭೂಮಿ ಎರಡನ್ನೂ ಒಂದೇ ರಾತ್ರಿಯಲ್ಲಿ ಅಪಹರಿಸಿದೆ.” ಹೌದು, ಮಾಗಿದ ಗೋವಿನಜೋಳದ ಹೊಲದಲ್ಲಿ ಹಂದಿಯ ಹಿಂಡು ಒಂದು ರಾತ್ರಿ ಕಳೆದು ಹೋದದ್ದನ್ನು ಬೆಳಿಗ್ಗೆ ನೋಡಿದವರು ಅಹಿಂಸೆಯ ಮೇಲೆ ಲೇಖನ ಬರೆಯಲಾರರು. ಗಾಂಧೀಜಿಯವರೇ 1926ರಲ್ಲಿ, ಅಹಮದಾಬಾದಿನ ಗಿರಣಿ ಮಾಲೀಕರೊಬ್ಬರು ಬೀದಿನಾಯಿಗಳನ್ನು ಕೊಲ್ಲಿಸಿದ ಸಂದರ್ಭದಲ್ಲಿ, ಕೊಲ್ಲುವುದು ಕೆಲವೊಮ್ಮೆ ಅನಿವಾರ್ಯ ಕರ್ತವ್ಯವಾದೀತೆಂದು ಬರೆದು ಅಹಿಂಸಾವಾದಿಗಳಿಂದಲೇ ಬೈಸಿಕೊಂಡರು. ನೆರೆಯ ಕೇರಳ ಸರಕಾರ 2022ರಲ್ಲಿ ಬೆಳೆಗೆ ಕಂಟಕವಾದ ಕಾಡುಹಂದಿಯನ್ನು ಗುಂಡಿಕ್ಕಲು ಅಪ್ಪಣೆ ಕೊಡುವ ಅಧಿಕಾರವನ್ನು ಗ್ರಾಮ ಪಂಚಾಯತಿಗಳ ಅಧ್ಯಕ್ಷರಿಗೇ ಒಪ್ಪಿಸಿತು. ರೈತನು ತನ್ನ ಹೊಲದ ಅಂಚಿನಲ್ಲಿ ಕೋವಿ ಹಿಡಿದು ನಿಲ್ಲುವುದನ್ನು ನಾನು ಅಧರ್ಮವೆನ್ನಲಾರೆ.

ತೊಡಕು ಇರುವುದು ಬೇರೆ ಕಡೆ. ಬೆಳೆ ಕಾಯುವ ಕೋವಿಗೂ ಮಾಂಸ ತರುವ ಕೋವಿಗೂ ನಳಿಗೆ ಒಂದೇ. ಹೊಲದಂಚಿಗೆ ಬಂದ ಹಂದಿಯನ್ನು ಬೆದರಿಸಿದ ಕೋವಿ, ಅದು ಓಡಿದ ದಾರಿ ಹಿಡಿದು ನಾಲ್ಕು ಹೆಜ್ಜೆ ಕಾಡಿನೊಳಗೆ ಹೋದರೆ ರಕ್ಷಣೆ ಎಲ್ಲಿ ಮುಗಿಯಿತು, ಬೇಟೆ ಎಲ್ಲಿ ತೊಡಗಿತು? ಆ ಗೆರೆಯನ್ನು ಎಳೆಯಬಲ್ಲವನು ಕೋವಿಯ ಹಿಂದೆ ಇರುವ ಮನುಷ್ಯನೊಬ್ಬನೇ. ಅವನಿಗೆ ಹಸಿವಿದೆ, ಸಿಟ್ಟಿದೆ, ಜೊತೆಗಾರರ ಹುರಿದುಂಬಿಸುವಿಕೆಯಿದೆ, ಜೊತೆಗೆ ಕತ್ತಲೆ. ಕತ್ತಲೆಯ ವಿಷಯ ನಮ್ಮ ಪೂರ್ವಿಕರಿಗೆ ಚೆನ್ನಾಗಿ ಗೊತ್ತಿತ್ತು. ರಾಮಾಯಣದ ದುಃಖವೆಲ್ಲ ಒಂದು ರಾತ್ರಿಬೇಟೆಯಿಂದ ಹುಟ್ಟಿತು. ಸರಯೂ ತೀರದಲ್ಲಿ ನೀರಿಗೆ ಬರುವ ಮೃಗಕ್ಕೆ ಹೊಂಚಿದ್ದ ದಶರಥನು ಕೊಡ ತುಂಬುವ ಸದ್ದನ್ನು ಆನೆ ನೀರು ಕುಡಿಯುವ ಸದ್ದೆಂದು ಬಗೆದು ಬಾಣ ಬಿಟ್ಟ. ದಶರಥನಿಗೆ ಆಗ ಯಾವ ಅಪಾಯವೂ ಇರಲಿಲ್ಲ ಎಂಬುದನ್ನು ಗಮನಿಸಬೇಕು. ಸದ್ದಿಗೆ ಗುರಿಯಿಡಬಲ್ಲೆ ಎಂಬ ಹೆಮ್ಮೆ ಇತ್ತು, ಕೈಯಲ್ಲಿ ಬಿಲ್ಲು ಇತ್ತು. ಹಂದಿಯೆಂದು ತಿಳಿದು ಜೊತೆಗಾರನಿಗೇ ಗುಂಡು ಹೊಡೆದ ಸುದ್ದಿ ಮಲೆನಾಡಿನ ಪತ್ರಿಕೆಗಳಿಗೆ ಹೊಸದಲ್ಲ. ಹಾಗೆ ಸತ್ತವನ ತಂದೆತಾಯಿಗೆ ಶಾಪ ಕೊಡುವ ಶಕ್ತಿಯೂ ಇರುವುದಿಲ್ಲ.

ಈಗ ಹಳು ಹೊಡೆದ ಹಿರಿಯರ ಮಾತಿಗೆ ಬರುತ್ತೇನೆ. ಹಳೆಯ ಬೇಟೆಯ ಕ್ರಮವನ್ನು ಅವರು ನನಗೆ ವಿವರಿಸಿದರು. ಕಾಡಿನ ಒಂದು ಮಗ್ಗುಲಲ್ಲಿ ಕೋವಿಯವರು ಮರದ ಮೇಲೋ ಬಂಡೆಯ ಮರೆಯಲ್ಲೋ ಅಲ್ಲಾಡದೆ ಕಾದಿರುವುದು. ಎದುರು ಮಗ್ಗುಲಿಂದ ಮೂವತ್ತು ನಾಲ್ವತ್ತು ಜನ ಕೂಲಿಯವರು ಡಬ್ಬ, ತಮಟೆ, ದೊಣ್ಣೆಗಳಿಂದ ಸದ್ದು ಮಾಡುತ್ತ, ಕೂಗುತ್ತ, ಪೊದೆಪೊದೆಯನ್ನೂ ಬಡಿಯುತ್ತ ಮೃಗವನ್ನು ಅತ್ತ ನೂಕುವುದು. ಮೃಗ ಮುಂದಕ್ಕೆ ಓಡಿದರೆ ಕೋವಿಯವರಿಗೆ ಕೀರ್ತಿ. ಹಿಂದಕ್ಕೆ ತಿರುಗಿದರೆ ಅದು ನುಗ್ಗುವುದು ದೊಣ್ಣೆಯವರ ಸಾಲಿನ ಮೇಲೆ. ಗಾಯಗೊಂಡು ತಿರುಗಿದರಂತೂ ಹೇಳುವುದೇ ಬೇಡ. ಮುಳ್ಳು ತರಚಿದ ಬರಿಗಾಲು, ಸೊಂಟದ ಕೊಕ್ಕೆಯಲ್ಲಿ ಒಂದು ಕತ್ತಿ, ಬಾಯಲ್ಲಿ ಕೂಗು. ಕೂಲಿಯ ಜೊತೆಗೆ ಮಾಂಸದ ಒಂದು ಪಾಲು. “ಪಾಲಿನಾಗೂ ಈಡು ಹೊಡೆದವಂಗೆ ತೊಡೆ, ನಮಗೆ ಎಲುಬು” ಎಂದು ಅವರು ಹೇಳಿದ್ದು ದೂರಿನ ದನಿಯಲ್ಲಲ್ಲ. ಪಾಲಿನ ಪದ್ಧತಿ ಹಾಗಿತ್ತು ಎಂಬ ದನಿಯಲ್ಲಿ.

ಮಹಾರಾಜರ, ದೊರೆಗಳ ಷಿಕಾರಿಯಲ್ಲಿ ಇದೇ ಕ್ರಮ ದೊಡ್ಡ ಪ್ರಮಾಣದಲ್ಲಿ ನಡೆಯಿತು. ಷಿಕಾರಿಯ ಪುಸ್ತಕಗಳಲ್ಲಿ ಹುಲಿಯ ಉದ್ದ ಅಡಿ ಅಂಗುಲಗಳ ಲೆಕ್ಕದಲ್ಲಿ ಸಿಗುತ್ತದೆ, ಕೋವಿಯ ತಯಾರಕರ ಹೆಸರು ಸಿಗುತ್ತದೆ. ಹಳು ಹೊಡೆದವರ ಹೆಸರು ಸಿಗುವುದು ಅಪರೂಪ. ಈ ವಿಷಯದಲ್ಲಿ ನಮ್ಮ ಹಳಗಾಲದವರೇ ಮೇಲು. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಕ್ರಿ. ಶ. 949-50ರ ಒಂದು ಕಲ್ಲಿತ್ತು. ಅದು ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನು ಒಡೆಯನಿಂದ ಕಾಳಿ ಎಂಬ ಬೇಟೆನಾಯಿಯನ್ನು ಬೇಡಿ ಪಡೆದ. ಆ ನಾಯಿಯನ್ನು ಒಂದು ಹೆಬ್ಬಂದಿಯ ಮೇಲೆ ಬಿಟ್ಟಾಗ ನಾಯಿಯೂ ಹಂದಿಯೂ ಒಂದನ್ನೊಂದು ಕೊಂದು ಸತ್ತವು. ಕಲ್ಲಿನ ಮೇಲೆ ಕೊರೆದಿರುವುದು ನಾಯಿ ಹಂದಿಗಳ ಹೋರಾಟ. ಆ ಕಲ್ಲಿನ ಪೂಜೆಗೆಂದು ಭೂಮಿಯನ್ನೂ ಬಿಟ್ಟಿದ್ದಾರೆ. ಯಾರು ಮುಂದೆ ನಿಂತು ಸತ್ತರೋ ಅವರಿಗೆ ಕಲ್ಲು ನಿಲ್ಲಿಸಬೇಕು ಎಂಬ ತಿಳಿವಳಿಕೆ ಹತ್ತನೆಯ ಶತಮಾನದವರಿಗೆ ಇತ್ತು. ನಾಯಿಗೆ ದೊರೆತ ಮರ್ಯಾದೆ ಇಪ್ಪತ್ತನೆಯ ಶತಮಾನದ ಕೂಲಿಗೆ ದೊರೆಯಲಿಲ್ಲ ಎಂದರೆ ಅದು ಬರಿಯ ಚಮತ್ಕಾರದ ಮಾತಾಗಲಾರದು.

ಹಳು ಹೊಡೆಯುವ ಕಾಲ ಮುಗಿಯಿತಲ್ಲ ಎನ್ನಬಹುದು. ಪದ್ಧತಿ ಮುಗಿದಿದೆ, ಪಾಲು ಮುಗಿದಿಲ್ಲ. ಬೆಳೆ ರಕ್ಷಣೆಯ ಕೋವಿಗೆ ಅರ್ಜಿ ಹಾಕಿದರೆ ಬೆಳೆಯ ಭೂಮಿ ಎಲ್ಲಿದೆ, ಎಷ್ಟಿದೆ ಎಂದು ಕೇಳುತ್ತಾರೆ. ಭೂಮಿಯಿಲ್ಲದವನಿಗೆ ಈ ಪ್ರಶ್ನೆಗೆ ಉತ್ತರವಿಲ್ಲ. ಆದ್ದರಿಂದ ಕೋವಿ ಭೂಮಿಯ ಬೆನ್ನು ಹಿಡಿದು ಹೋಗುತ್ತದೆ. ಅಪಾಯ ಕೂಲಿಯ ಬೆನ್ನು ಹಿಡಿದು ಹೋಗುತ್ತದೆ. ಮನೆಯಲ್ಲಿ ಕೋವಿಯಿದ್ದೂ ಮಾಳದಲ್ಲಿ ಕೂಲಿಯವನು ಟಾರ್ಚು ಹಿಡಿದು ಕೂತಿರುವುದನ್ನು ನಾನು ಒಂದಕ್ಕಿಂತ ಹೆಚ್ಚು ಊರಲ್ಲಿ ಕಂಡಿದ್ದೇನೆ. ಊರಲ್ಲಿ ಜಮೀನು, ನಗರದಲ್ಲಿ ನೌಕರಿ ಇರುವ ನಮ್ಮಂಥವರ ಹೊಲಗಳಲ್ಲಿ ಇದು ಹೆಚ್ಚು. ನಾವು ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಕದ ಹಾಕಿ ಮಲಗಿದ್ದಾಗ ನಮ್ಮ ಗೋವಿನಜೋಳಕ್ಕೂ ಹಂದಿಯ ಕೋರೆಗೂ ನಡುವೆ ಯಾವನೋ ಒಬ್ಬನು ಎಚ್ಚರವಾಗಿರುತ್ತಾನೆ. ಅವನ ರಾತ್ರಿಯ ಕೂಲಿಯನ್ನು ಗೊತ್ತುಮಾಡುವಾಗ ನಾವು ನಿದ್ದೆಗೆಟ್ಟದ್ದಕ್ಕೆ ಮಾತ್ರ ಬೆಲೆ ಕಟ್ಟುತ್ತೇವೆ.

ಸರಕಾರದ ಕಾಡಿನಲ್ಲೂ ಲೆಕ್ಕ ಇದಕ್ಕಿಂತ ಬೇರೆಯಲ್ಲ. ಬೆಳಗಾಗುವ ಮೊದಲು ಹೆಜ್ಜೆಗುರುತು ಹುಡುಕುತ್ತ ನಡೆಯುವವನು ಕೆಳಗಿನ ದರ್ಜೆಯ ಕಾವಲುಗಾರ, ಎಷ್ಟೋ ಕಡೆ ದಿನಗೂಲಿಯವನು. 2021ರ ನವೆಂಬರಿನಲ್ಲಿ ಮಹಾರಾಷ್ಟ್ರದ ತಾಡೋಬಾದಲ್ಲಿ ಹುಲಿಯ ಗಣತಿಗೆಂದು ನಡೆದು ಹೋಗುತ್ತಿದ್ದ ಅರಣ್ಯ ರಕ್ಷಕಿಯೊಬ್ಬರನ್ನು ಹುಲಿ ಎಳೆದೊಯ್ದು ಕೊಂದಿತು. ಹುಲಿಗಳು ಎಷ್ಟಿವೆ ಎಂಬ ಸಂಖ್ಯೆಯನ್ನು ಪತ್ರಿಕೆಯಲ್ಲಿ ಓದಿ ಹಿಗ್ಗುವ ನಮಗೆ ಆ ಸಂಖ್ಯೆ ಹೀಗೂ ಬರುತ್ತದೆ ಎಂಬುದು ನೆನಪಿರುವುದಿಲ್ಲ.

ಆದ್ದರಿಂದ ನನ್ನ ಅಭಿಪ್ರಾಯ ಇದು. ಬೇಟೆಯ ಹುರುಪಿನಿಂದ, ತನ್ನ ಇಚ್ಛೆಯಿಂದ ಕಾಡು ಹೊಕ್ಕವನಿಗೆ ಆತ್ಮರಕ್ಷಣೆಯ ಆಯುಧದ ಮಾತೆತ್ತುವ ಅಧಿಕಾರವಿಲ್ಲ. ಅಪಾಯ ಬೇಡವಾದರೆ ಅವನು ಹೋಗದೆ ಇರಬಹುದು. ಹೋಗದೆ ಇರಲು ಸಾಧ್ಯವಿಲ್ಲದವನಿಗೆ, ಎಂದರೆ ಕೂಲಿಗೆ, ಕಾವಲಿಗೆ, ಕಟ್ಟಿಗೆಗೆ, ಎಲೆಗೆ ಹೋಗುವವನಿಗೆ, ರಕ್ಷಣೆ ಭಿಕ್ಷೆಯಲ್ಲ, ಹಕ್ಕು. ಅಪಾಯ ಯಾರ ಕಡೆ ಹೋಗುತ್ತದೋ ರಕ್ಷಣೆಯೂ ಅವರ ಕಡೆಗೇ ಹೋಗಬೇಕು. ಹಾಗೆಂದು ಎಲ್ಲ ಕೂಲಿಯವರಿಗೂ ಕೋವಿ ಹಂಚಿ ಎಂದು ನಾನು ಹೇಳುತ್ತಿಲ್ಲ. ಕೋವಿಯ ಯೋಗ್ಯತೆಯನ್ನು ಮೇಲೆಯೇ ನೋಡಿದ್ದಾಯಿತು. ಕೋವಿ ಯಾರದೋ ಅವರೇ ಮಾಳದಲ್ಲಿ ಕೂರಲಿ. ಕೂರಲಾಗದಿದ್ದರೆ ಒಬ್ಬನ ಬದಲು ಇಬ್ಬರನ್ನು ಕೂರಿಸಿ ಇಬ್ಬರಿಗೂ ಕೂಲಿ ಕೊಡಲಿ, ಮಾಳವನ್ನು ಹಂದಿ ಬುಡಮೇಲು ಮಾಡದಷ್ಟು ಗಟ್ಟಿಯಾಗಿ, ಎತ್ತರವಾಗಿ ಕಟ್ಟಿಸಲಿ, ಬೆಳಕು ದೂರ ಬೀಳುವ ಟಾರ್ಚು ಕೊಡಿಸಲಿ, ಅವನ ಹೆಸರಿನಲ್ಲಿ ಒಂದು ವಿಮೆ ಮಾಡಿಸಲಿ. ಇವೆಲ್ಲ ಸಣ್ಣ ಮಾತುಗಳೆಂದು ನನಗೆ ಗೊತ್ತು. ಬಂಗಾಳದ ಸುಂದರಬನದಲ್ಲಿ 1980ರ ದಶಕದಲ್ಲಿ ಜೇನಿಗೂ ಕಟ್ಟಿಗೆಗೂ ಹೋಗುವವರು ಮನುಷ್ಯನ ಮುಖವಾಡವನ್ನು ತಲೆಯ ಹಿಂಬದಿಗೆ ಕಟ್ಟಿಕೊಂಡು ನಡೆದರು. ಹುಲಿ ಹಿಂದಿನಿಂದ ಎರಗುವ ಪ್ರಾಣಿ. ಎರಡೂ ಕಡೆ ಮುಖವಿರುವ ಮನುಷ್ಯನನ್ನು ಕಂಡು ಅದು ಅನುಮಾನಿಸಿತು. ಕೆಲವು ಕಾಲವಾದರೂ ಆ ಅಗ್ಗದ ಮುಖವಾಡ ಜನರ ಪ್ರಾಣ ಕಾಯಿತು.

ಇದೇ ನ್ಯಾಯದಿಂದ ನೋಡಿದರೆ, ನಾನು ಮೆಚ್ಚಿಕೊಂಡ 11ನೆಯ ಕಲಮಿನ ನಿಬಂಧನೆಯೂ ಪೂರ್ತಿ ಸರಿಯಿಲ್ಲ. ಅಭಯಾರಣ್ಯದೊಳಗೆ ಅಪ್ಪಣೆಯಿಲ್ಲದೆ ಕಾಲಿಡುವುದೇ ಕಾಯಿದೆಯ ಉಲ್ಲಂಘನೆ. ಹಾಗಾಗಿ ಕದ್ದು ಬೇಟೆಯಾಡುವವನೂ, ಒಂದು ಹೊರೆ ಕಟ್ಟಿಗೆಗೆಂದು ಗಡಿ ದಾಟಿದ ಹೆಂಗಸೂ ಆ ನಿಬಂಧನೆಯ ಎದುರಿಗೆ ಒಂದೇ. ಅವಳು ತನ್ನ ಕತ್ತಿಯಿಂದ ಕರಡಿಯನ್ನು ಹೊಡೆದು ಬದುಕಿ ಬಂದಳೆನ್ನಿ. ಕಾನೂನಿನ ಅಕ್ಷರವನ್ನೇ ಹಿಡಿದರೆ ಅವಳಿಗೂ ಮಾಫಿಯಿಲ್ಲ. ಕೊಲ್ಲಲು ಹೋದವನನ್ನೂ ಒಲೆ ಉರಿಸಲು ಹೋದವಳನ್ನೂ ಒಂದೇ ಹಗ್ಗದಲ್ಲಿ ಕಟ್ಟುವ ಬರವಣಿಗೆಯನ್ನು ತಿದ್ದುವುದು ಕಷ್ಟವಾಗಲಾರದು. 2022ರಲ್ಲಿ ಇದೇ ಕಾಯಿದೆಗೆ ದೊಡ್ಡ ತಿದ್ದುಪಡಿ ಬಂದು ಆರು ಅನುಸೂಚಿಗಳು ನಾಲ್ಕಾದವು. ಈ ಎರಡು ಸಾಲುಗಳತ್ತ ಮಾತ್ರ ಯಾರ ಕೈಯೂ ಹೋಗಲಿಲ್ಲ.

ದಾಸನಕೊಪ್ಪದ ಸುತ್ತಿನ ಕಾಡುಗಳಿಗೆ ಹೋಗುವ ಹೆಂಗಸರು ಗುಂಪಾಗಿ, ಗಟ್ಟಿಯಾಗಿ ಮಾತಾಡುತ್ತ ಹೋಗುತ್ತಾರೆ. ಪೇಟೆಯಿಂದ ಹೋದವರಿಗೆ ಇದು ಹರಟೆಯಂತೆ ಕೇಳುತ್ತದೆ. ಕಾಡಿನ ಮೌನ ಕೆಡಿಸುತ್ತಾರೆಂದು ಮುಖ ಸಿಂಡರಿಸುವವರೂ ಉಂಟು. ಕರಡಿಗೆ ದೂರದಿಂದಲೇ ತಿಳಿದು ಅದು ಸರಿದು ಹೋಗಲಿ ಎಂದೇ ಆ ಹರಟೆ. ಮುಂಗಾರಿನ ಮೊದಲ ಮಳೆಗಳಲ್ಲಿ ಗೆದ್ದಲ ಹುತ್ತಗಳ ಮೇಲೆ ಅಣಬೆ ಏಳುತ್ತದೆ. ಪೇಟೆಯಲ್ಲಿ ಅದಕ್ಕೆ ಒಳ್ಳೆಯ ಬೆಲೆ, ಬುಟ್ಟಿ ಹೊತ್ತು ತಂದೊಡನೆ ಖರ್ಚಾಗುತ್ತದೆ. ಕರಡಿ ಗೆದ್ದಲು ಅರಸಿ ಬರುವುದೂ ಅದೇ ಹುತ್ತಕ್ಕೆ. ಕೊಪ್ಪೆ ಹೊದ್ದು ಬಾಗಿ ಅಣಬೆ ಕೀಳುವಾಗ ಮಳೆಯ ಸದ್ದಿನಲ್ಲಿ ಪಕ್ಕದವಳ ಮಾತೂ ಕೇಳಿಸುವುದಿಲ್ಲ. ಆ ಎರಡು ಮೂರು ವಾರ ಅವರು ಸರದಿಯ ಮೇಲೆ ಒಬ್ಬಳನ್ನು ಕೀಳುವ ಕೆಲಸದಿಂದ ಬಿಡಿಸಿ, ಒಂದು ಡಬ್ಬ ಕೊಟ್ಟು ನಿಲ್ಲಿಸುತ್ತಾರೆ. ಅವಳ ಬುಟ್ಟಿಗೆ ಉಳಿದವರೆಲ್ಲ ಒಂದೊಂದು ಹಿಡಿ ಹಾಕುತ್ತಾರೆ.